ಮಹಾ ಸರೋವರಗಳಲ್ಲಿ ಸಾಲ್ಮನ್ ಮತ್ತು ಟ್ರೌಟ್ ಮೀನುಗಳ ಗಾಳದ ಬೇಟೆ

ಮಹಾ ಸರೋವರಗಳಲ್ಲಿ ಸಾಲ್ಮನ್ ಮತ್ತು ಟ್ರೌಟ್ ಮೀನುಗಳ ಗಾಳದ ಬೇಟೆಯು ಉತ್ತರ ಅಮೆರಿಕದ ಸುಪೀರಿಯರ್, ಮಿಷಿಗನ್, ಹ್ಯೂರನ್, ಈರಿ ಮತ್ತು ಒಂಟಾರಿಯೊ ಎಂಬ ಐದು ಸಿಹಿನೀರಿನ ಸರೋವರಗಳಲ್ಲಿ ರೂಢಿಯಲ್ಲಿರುವ ಹವ್ಯಾಸಿ ಮೀನುಗಾರಿಕೆಯಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾ ದೇಶಗಳ ಗಡಿಯಲ್ಲಿರುವ ಈ ಸರೋವರಗಳು ಹೆಸರಿಗೆ ಮಾತ್ರ ಸರೋವರಗಳು. ಮಿಷಿಗನ್ ಸರೋವರದ ವಿಸ್ತೀರ್ಣ ಸುಮಾರು 58,000 ಚದರ ಕಿಲೋಮೀಟರ್, ಗರಿಷ್ಠ ಆಳ 281 ಮೀಟರ್. ಸುಪೀರಿಯರ್ ಸರೋವರದ ಗರಿಷ್ಠ ಆಳ 406 ಮೀಟರ್. ದಡದಲ್ಲಿ ಕುಳಿತು ಗಾಳ ಬಿಟ್ಟು, ಬೆಂಡು ಮುಳುಗುವುದನ್ನು ಕಾಯುವ ಕ್ರಮವು ಇಷ್ಟು ದೊಡ್ಡ ಜಲರಾಶಿಯಲ್ಲಿ ವರ್ಷದ ಬಹುಪಾಲು ಫಲ ಕೊಡುವುದಿಲ್ಲ. ಮೀನು ಯಾವ ಆಳದಲ್ಲಿದೆ ಎಂಬುದನ್ನು ಮೊದಲು ತಿಳಿದು, ಅದೇ ಆಳಕ್ಕೆ ಆಮಿಷವನ್ನು ಇಳಿಸಿ, ಚಲಿಸುವ ದೋಣಿಯಿಂದ ಅದನ್ನು ಎಳೆದುಕೊಂಡು ಹೋಗಬೇಕಾಗುತ್ತದೆ. ಟ್ರೋಲಿಂಗ್ ಎಂದು ಕರೆಯಲಾಗುವ ಈ ವಿಧಾನದ ಸಲಕರಣೆಗಳೆಲ್ಲ ಆಮಿಷವನ್ನು ಗೊತ್ತಾದ ಆಳದಲ್ಲಿ ನಿಲ್ಲಿಸುವ ಉದ್ದೇಶದ ಸುತ್ತ ಬೆಳೆದಿವೆ.

ಹಿನ್ನೆಲೆ

ಇಂದು ಈ ಸರೋವರಗಳಲ್ಲಿ ಸಿಗುವ ಸಾಲ್ಮನ್ ಮತ್ತು ಟ್ರೌಟ್‌ಗಳಲ್ಲಿ ಹೆಚ್ಚಿನವು ಅಲ್ಲಿಯ ಮೂಲ ನಿವಾಸಿಗಳಲ್ಲ. ಮೂಲತಃ ಅಲ್ಲಿದ್ದ ದೊಡ್ಡ ಬೇಟೆಗಾರ ಮೀನು ಲೇಕ್ ಟ್ರೌಟ್. ಒಂಟಾರಿಯೊ ಸರೋವರದಲ್ಲಿ ಮಾತ್ರ ಅಟ್ಲಾಂಟಿಕ್ ಸಾಲ್ಮನ್ ಕೂಡ ಇತ್ತು. ಗಿರಣಿಗಳಿಗಾಗಿ ತೊರೆಗಳಿಗೆ ಕಟ್ಟಿದ ಒಡ್ಡುಗಳು, ಕಾಡಿನ ನಾಶ ಮತ್ತು ಮಿತಿಮೀರಿದ ಹಿಡಿತದಿಂದಾಗಿ ಅದು 19ನೆಯ ಶತಮಾನದ ಅಂತ್ಯದ ವೇಳೆಗೆ ಅಲ್ಲಿ ನಾಮಾವಶೇಷವಾಯಿತು. ರೈನ್‌ಬೋ ಟ್ರೌಟ್ 1870ರ ದಶಕದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಿಂದಲೂ, ಬ್ರೌನ್ ಟ್ರೌಟ್ 1880ರ ದಶಕದಲ್ಲಿ ಯೂರೋಪಿನಿಂದಲೂ ತರಲ್ಪಟ್ಟವು.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಸಮುದ್ರ ಲ್ಯಾಂಪ್ರೇ ಎಂಬ ರಕ್ತಹೀರುವ ಜೀವಿ ಮೇಲಿನ ಸರೋವರಗಳಿಗೆ ಪ್ರವೇಶಿಸಿತು. ಹಾವಿನಂತೆ ಉದ್ದವಾಗಿರುವ, ದವಡೆಯಿಲ್ಲದ ಈ ಜೀವಿಯನ್ನು ಅಲ್ಲಿಯವರೆಗೆ ನಯಾಗರ ಜಲಪಾತವೇ ತಡೆದಿತ್ತು. ಹಡಗುಗಳ ಸಂಚಾರಕ್ಕಾಗಿ ಜಲಪಾತವನ್ನು ಬಳಸಿಹೋಗುವಂತೆ ತೋಡಿದ ವೆಲ್ಯಾಂಡ್ ಕಾಲುವೆ ಅದಕ್ಕೂ ದಾರಿಯಾಯಿತು. 1921ರಲ್ಲಿ ಈರಿ ಸರೋವರದಲ್ಲಿಯೂ, 1930ರ ದಶಕದ ಕೊನೆಯ ಹೊತ್ತಿಗೆ ಮಿಷಿಗನ್, ಹ್ಯೂರನ್ ಮತ್ತು ಸುಪೀರಿಯರ್ ಸರೋವರಗಳಲ್ಲಿಯೂ ಅದು ಕಾಣಿಸಿಕೊಂಡಿತು. ಮೊದಲೇ ಬಲೆಗಾರಿಕೆಯ ಒತ್ತಡದಲ್ಲಿದ್ದ ಲೇಕ್ ಟ್ರೌಟ್ 1950ರ ದಶಕದ ಹೊತ್ತಿಗೆ ಮಿಷಿಗನ್ ಸರೋವರದಿಂದ ಬಹುತೇಕ ಮಾಯವಾಯಿತು. ಬೇಟೆಗಾರ ಮೀನು ಇಲ್ಲದಾದಾಗ, ಅದೇ ಕಾಲುವೆಗಳ ದಾರಿಯಲ್ಲಿ ಬಂದಿದ್ದ ಏಲ್‌ವೈಫ್ ಎಂಬ ಹೆರಿಂಗ್ ಕುಲದ ಸಣ್ಣ ಮೀನು ತಡೆಯಿಲ್ಲದೆ ಹೆಚ್ಚಿತು. 1967ರ ಬೇಸಿಗೆಯಲ್ಲಿ ಸತ್ತ ಏಲ್‌ವೈಫ್‌ಗಳ ರಾಶಿ ಮಿಷಿಗನ್ ಸರೋವರದ ಮರಳು ದಂಡೆಗಳ ಮೇಲೆ ಕೊಳೆತು ನಾರಿತು. ಯಂತ್ರಗಳಿಂದ ಅವನ್ನು ಗುಡಿಸಿ ಹೂಳಬೇಕಾಯಿತು.

ಈ ನಡುವೆ, 1955ರಲ್ಲಿ ಎರಡೂ ದೇಶಗಳು ಸೇರಿ ಮಹಾ ಸರೋವರಗಳ ಮೀನುಗಾರಿಕಾ ಆಯೋಗವನ್ನು ಸ್ಥಾಪಿಸಿದ್ದವು. ತೊರೆಗಳಲ್ಲಿ ಬೆಳೆಯುವ ಲ್ಯಾಂಪ್ರೇ ಮರಿಗಳನ್ನು ಕೊಲ್ಲುವ ರಾಸಾಯನಿಕವು 1958ರಿಂದ ಬಳಕೆಗೆ ಬಂದು ಅವುಗಳ ಸಂಖ್ಯೆ ಇಳಿಮುಖವಾಯಿತು. ಆಗ ಮಿಷಿಗನ್ ರಾಜ್ಯದ ಮೀನುಗಾರಿಕಾ ವಿಭಾಗದ ಮುಖ್ಯಸ್ಥರಾಗಿದ್ದ ಹೊವರ್ಡ್ ಟ್ಯಾನರ್ ಅವರು ಪೆಸಿಫಿಕ್ ಸಾಲ್ಮನ್‌ಗಳನ್ನು ತಂದು ಬಿಡುವ ಯೋಜನೆಯನ್ನು ಮುಂದಿಟ್ಟರು. ಏಲ್‌ವೈಫ್ ರಾಶಿಯನ್ನು ಮೇವಾಗಿಸಿ ಅದರಿಂದ ಗಾಳಗಾರರಿಗೆ ದೊಡ್ಡ ಮೀನನ್ನು ಒದಗಿಸುವುದು ಅವರ ಲೆಕ್ಕಾಚಾರವಾಗಿತ್ತು. ಆರಿಗನ್ ರಾಜ್ಯದಿಂದ ತಂದ ಮೊಟ್ಟೆಗಳಿಂದ ಬೆಳೆಸಿದ ಎಂಟು ಲಕ್ಷಕ್ಕೂ ಹೆಚ್ಚು ಕೊಹೊ ಸಾಲ್ಮನ್ ಮರಿಗಳನ್ನು 1966ರ ವಸಂತದಲ್ಲಿ ಪ್ಲಾಟ್ ನದಿ, ಬೇರ್ ಕ್ರೀಕ್ ಮೊದಲಾದ ತೊರೆಗಳಿಗೆ ಬಿಡಲಾಯಿತು. ಮರುವರ್ಷ ಚಿನೂಕ್ ಸಾಲ್ಮನ್ ಮರಿಗಳನ್ನೂ ಬಿಡಲಾಯಿತು. ಸಮುದ್ರದ ಮೀನು ಸಿಹಿನೀರಿನಲ್ಲಿಯೇ ಬಾಳಿ ಬೆಳೆದೀತೆ ಎಂಬ ಸಂದೇಹ 1967ರ ಶರತ್ಕಾಲದಲ್ಲಿ ನಿವಾರಣೆಯಾಯಿತು. ಹಿಂದಿರುಗಿ ಬಂದ ಕೊಹೊಗಳನ್ನು ಹಿಡಿಯಲು ಸಾವಿರಾರು ಜನ ದೋಣಿಗಳೊಡನೆ ಮಿಷಿಗನ್ ಸರೋವರದ ದಡಕ್ಕೆ ಧಾವಿಸಿದರು. ಪತ್ರಿಕೆಗಳು ಇದನ್ನು ‘ಕೊಹೊ ಜ್ವರ’ ಎಂದು ಕರೆದವು.

ಪ್ರಮುಖ ಮೀನುಗಳು

ಸಾಲ್ಮನ್ ಮತ್ತು ಟ್ರೌಟ್‌ಗಳು ಸಾಲ್ಮೊನಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿವೆ. ಬೆನ್ನಿನ ಮೇಲೆ ಬಾಲದ ಹತ್ತಿರ ಮೆತ್ತನೆಯ ಚಿಕ್ಕದೊಂದು ರೆಕ್ಕೆ ಇವುಗಳಲ್ಲಿ ಕಂಡುಬರುತ್ತದೆ. ಚಿನೂಕ್ ಇವುಗಳಲ್ಲಿ ಅತಿ ದೊಡ್ಡದು. ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಬದುಕಿ, ತಾನು ಹುಟ್ಟಿದ ಅಥವಾ ಬಿಡಲ್ಪಟ್ಟ ತೊರೆಗೆ ಮರಳಿ, ಮೊಟ್ಟೆಯಿಟ್ಟು ಸಾಯುತ್ತದೆ. 2021ರ ಆಗಸ್ಟಿನಲ್ಲಿ ಲುಡಿಂಗ್ಟನ್ ಬಳಿ ಸಿಕ್ಕ 47.86 ಪೌಂಡ್ (ಸುಮಾರು 21.7 ಕಿಲೋಗ್ರಾಂ) ತೂಕದ ಚಿನೂಕ್ ಮಿಷಿಗನ್ ರಾಜ್ಯದ ದಾಖಲೆಯಾಯಿತು. ಕೊಹೊ ಚಿಕ್ಕದು, ಹೆಚ್ಚು ಚುರುಕಾದುದು, ಮೇಲ್ನೀರಿನಲ್ಲಿಯೂ ಸಿಗುವಂಥದು. ಸರೋವರದಲ್ಲಿ ಬೆಳೆದು ತೊರೆಗೆ ಏರುವ ರೈನ್‌ಬೋ ಟ್ರೌಟನ್ನು ಸ್ಟೀಲ್‌ಹೆಡ್ ಎನ್ನುತ್ತಾರೆ; ಕೊಕ್ಕೆಗೆ ಸಿಕ್ಕೊಡನೆ ನೀರಿನಿಂದ ಮೇಲಕ್ಕೆ ಹಾರುವುದರಿಂದಲೇ ಅದರ ಗುರುತು ಹತ್ತುತ್ತದೆ. ಬ್ರೌನ್ ಟ್ರೌಟ್ ದಡದ ಹತ್ತಿರವೇ ಇರುವುದು ಹೆಚ್ಚು. ಲೇಕ್ ಟ್ರೌಟ್ ಕಟ್ಟುನಿಟ್ಟಾಗಿ ಹೇಳುವುದಾದರೆ ಟ್ರೌಟ್ ಅಲ್ಲ, ಚಾರ್ ಗುಂಪಿನ ಮೀನು. ಅದು ನಿಧಾನವಾಗಿ ಬೆಳೆದು ದಶಕಗಳ ಕಾಲ ಬದುಕಬಲ್ಲದು.

ಹಿಡಿದ ಮೀನು ಯಾವುದೆಂದು ನಿಖರವಾಗಿ ಗುರುತಿಸುವುದು ಕಾನೂನಿನ ದೃಷ್ಟಿಯಿಂದಲೂ ಅಗತ್ಯ. ಒಂದೊಂದು ಜಾತಿಗೆ ಒಂದೊಂದು ಮಿತಿ ಇರುತ್ತದೆ. ಚಿನೂಕಿನ ಬಾಯಿಯ ಒಳಗೂ ಒಸಡೂ ಕಪ್ಪಾಗಿರುತ್ತವೆ. ಕೊಹೊವಿನ ಬಾಯಿ ಕಪ್ಪಾಗಿದ್ದರೂ ಹಲ್ಲಿನ ಬುಡದ ಒಸಡು ಬೆಳ್ಳಗಿರುತ್ತದೆ. ಸ್ಟೀಲ್‌ಹೆಡ್‌ನ ಬಾಯಿ ಪೂರ್ತಿ ಬಿಳುಪು. ಲೇಕ್ ಟ್ರೌಟಿನ ಬಾಲ ಆಳವಾಗಿ ಕವಲೊಡೆದಿರುತ್ತದೆ. ಗಾಢ ಬಣ್ಣದ ಮೈಮೇಲೆ ತಿಳಿ ಬಣ್ಣದ ಚುಕ್ಕೆಗಳಿರುತ್ತವೆ. ಉಳಿದ ಮೀನುಗಳಲ್ಲಿ ಇದು ತಿರುಗುಮುರುಗು, ತಿಳಿ ಮೈಮೇಲೆ ಗಾಢ ಚುಕ್ಕೆಗಳು.

ನೀರಿನ ತಾಪಮಾನ ಮತ್ತು ಮೀನಿನ ನೆಲೆ

ಇವೆಲ್ಲವೂ ತಣ್ಣೀರಿನ ಮೀನುಗಳು. ಸ್ಥೂಲವಾಗಿ ಹೇಳುವುದಾದರೆ ಲೇಕ್ ಟ್ರೌಟ್ 8ರಿಂದ 10 ಡಿಗ್ರಿ ಸೆಲ್ಸಿಯಸ್, ಚಿನೂಕ್ 9ರಿಂದ 13 ಡಿಗ್ರಿ, ಕೊಹೊ 12 ಡಿಗ್ರಿಯ ಆಸುಪಾಸು, ಸ್ಟೀಲ್‌ಹೆಡ್ ಮತ್ತು ಬ್ರೌನ್ ಟ್ರೌಟ್ ಅದಕ್ಕಿಂತ ತುಸು ಹೆಚ್ಚಿನ ತಾಪಮಾನವನ್ನು ಬಯಸುತ್ತವೆ. ಈ ಅಂಕಿಗಳನ್ನು ನಿಯಮವೆಂದು ತಿಳಿಯಬಾರದು. ಮೇವು ಸಮೃದ್ಧವಾಗಿದ್ದರೆ ಮೀನು ತನಗೆ ಒಗ್ಗದ ನೀರಿಗೂ ಸ್ವಲ್ಪ ಹೊತ್ತು ನುಗ್ಗುತ್ತದೆ.

ಬೇಸಿಗೆಯಲ್ಲಿ ಸರೋವರದ ನೀರು ಪದರಗಳಾಗಿ ಬೇರ್ಪಡುತ್ತದೆ. ಬಿಸಿಲಿಗೆ ಕಾದ ಹಗುರವಾದ ನೀರು ಮೇಲೆ, ಸುಮಾರು 4 ಡಿಗ್ರಿಯ ಅತಿ ಸಾಂದ್ರವಾದ ನೀರು ತಳದಲ್ಲಿ ನಿಲ್ಲುತ್ತದೆ. ಇವೆರಡರ ನಡುವೆ ತಾಪಮಾನವು ಕೆಲವೇ ಮೀಟರ್‌ಗಳಲ್ಲಿ ಥಟ್ಟನೆ ಇಳಿಯುವ ಪದರಕ್ಕೆ ಥರ್ಮೋಕ್ಲೈನ್ ಎಂದು ಹೆಸರು. ನಡುಬೇಸಿಗೆಯಲ್ಲಿ ಸಾಲ್ಮನ್‌ಗಳು ಈ ಪದರದಲ್ಲಿ ಅಥವಾ ಅದಕ್ಕೆ ಅಂಟಿಕೊಂಡಂತೆ, ಅನೇಕ ವೇಳೆ 15ರಿಂದ 30 ಮೀಟರ್ ಆಳದಲ್ಲಿ ಇರುತ್ತವೆ. ಮೇಲ್ಮೈಯಲ್ಲಿ ಎಳೆದ ಆಮಿಷ ಅವುಗಳ ಕಣ್ಣಿಗೇ ಬೀಳುವುದಿಲ್ಲ.

ಈ ಪದರ ಸ್ಥಿರವಾಗಿರುವುದಿಲ್ಲ. ಗಾಳಿಗೆ ತಕ್ಕಂತೆ ಅದು ಓರೆಯಾಗುತ್ತದೆ, ಏರಿಳಿಯುತ್ತದೆ. ಭೂಮಿಯ ಪರಿಭ್ರಮಣದ ಪ್ರಭಾವದಿಂದ ಉತ್ತರ ಗೋಳಾರ್ಧದಲ್ಲಿ ಮೇಲ್ನೀರು ಗಾಳಿ ಬೀಸುವ ದಿಕ್ಕಿನ ಬಲಕ್ಕೆ ಸರಿಯುತ್ತದೆ. ಆದ್ದರಿಂದ ಮಿಷಿಗನ್ ಸರೋವರದ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಹಲವು ದಿನ ಗಾಳಿ ಬೀಸಿದರೆ ಬೆಚ್ಚಗಿನ ಮೇಲ್ನೀರು ಪಶ್ಚಿಮಕ್ಕೆ ತಳ್ಳಲ್ಪಟ್ಟು, ಪೂರ್ವದ ದಡದಲ್ಲಿ ತಳದ ತಣ್ಣೀರು ಮೇಲಕ್ಕೆ ಉಕ್ಕಿ ಬರುತ್ತದೆ. ದಕ್ಷಿಣದ ಗಾಳಿಗೆ ಪಶ್ಚಿಮದಲ್ಲಿರುವ ವಿಸ್ಕಾನ್ಸಿನ್ ದಡದಲ್ಲಿ ಹೀಗಾಗುತ್ತದೆ. ನಿನ್ನೆಯವರೆಗೆ ಹತ್ತಾರು ಕಿಲೋಮೀಟರ್ ದೂರದಲ್ಲಿದ್ದ ಮೀನು ಇಂದು ಕಲ್ಲುಕಟ್ಟೆಯ ಮೇಲೆ ನಿಂತವರಿಗೂ ಸಿಗುವುದು ಇಂಥ ಸಂದರ್ಭದಲ್ಲಿಯೇ. ಅನುಭವಿಗಳು ಹೊರಡುವ ಮುನ್ನ ಹಿಂದಿನ ಮೂರು ನಾಲ್ಕು ದಿನಗಳ ಗಾಳಿಯ ದಿಕ್ಕನ್ನು ವಿಚಾರಿಸುವುದು ಈ ಕಾರಣಕ್ಕಾಗಿ.

ಡೌನ್‌ರಿಗ್ಗರ್

ಕೊಹೊ ಬಂದ ನಂತರದ ವರ್ಷಗಳಲ್ಲಿ ಮಹಾ ಸರೋವರಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದ ಮುಖ್ಯ ಸಲಕರಣೆಯೆಂದರೆ ಡೌನ್‌ರಿಗ್ಗರ್. ಮೀನನ್ನು ಎಳೆಯುವ ದಾರ ಬೇರೆ, ಭಾರವನ್ನು ಹೊರುವ ತಂತಿ ಬೇರೆ ಎಂಬುದು ಇದರ ಮೂಲ ತತ್ತ್ವ. ದೋಣಿಯ ಹಿಂಭಾಗದಲ್ಲಿ ಅಥವಾ ಪಕ್ಕದಲ್ಲಿ ಕೂರಿಸಿದ ರಾಟೆಯಿಂದ ತೆಳು ಉಕ್ಕಿನ ತಂತಿ ಅಥವಾ ಹೆಣೆದ ದಾರವು ಚಾಚಿದ ತೋಳಿನ ಮೇಲೆ ಹಾದು ನೀರಿಗಿಳಿಯುತ್ತದೆ. ಅದರ ತುದಿಯಲ್ಲಿ ಸಾಮಾನ್ಯವಾಗಿ 4ರಿಂದ 7 ಕಿಲೋಗ್ರಾಂ ತೂಕದ ಗುಂಡು ಇರುತ್ತದೆ. ಎಷ್ಟು ತಂತಿ ಬಿಡಲಾಗಿದೆ ಎಂಬುದನ್ನು ರಾಟೆಗೆ ಜೋಡಿಸಿದ ಎಣಿಕೆ ಸಾಧನ ತೋರಿಸುತ್ತದೆ.

ಮೊದಲು ಆಮಿಷವನ್ನು ದೋಣಿಯ ಹಿಂದೆ ಬೇಕಾದಷ್ಟು ದೂರ ಬಿಡಲಾಗುತ್ತದೆ. ಬಳಿಕ ಗಾಳದ ದಾರವನ್ನು ಗುಂಡಿನ ಬಳಿಯ ಚಿಮಟಕ್ಕೆ ಸಿಕ್ಕಿಸಿ ಗುಂಡನ್ನು ಇಳಿಸಲಾಗುತ್ತದೆ. ಗಾಳದ ಕೋಲನ್ನು ಹಿಡಿಕೆಯಲ್ಲಿ ನಿಲ್ಲಿಸಿ, ಅದು ಬಿಲ್ಲಿನಂತೆ ಬಾಗುವವರೆಗೆ ದಾರವನ್ನು ಬಿಗಿಗೊಳಿಸಬೇಕು. ಮೀನು ಆಮಿಷವನ್ನು ಕಚ್ಚಿ ಎಳೆದಾಗ ದಾರ ಚಿಮಟದಿಂದ ಬಿಡಿಸಿಕೊಳ್ಳುತ್ತದೆ. ಬಾಗಿದ್ದ ಕೋಲು ಒಮ್ಮೆಗೇ ನೆಟ್ಟಗಾಗಿ, ಮರುಕ್ಷಣದಲ್ಲಿ ಮೀನಿನ ಎಳೆತಕ್ಕೆ ಮತ್ತೆ ಬಾಗುತ್ತದೆ. ನಡುವೆ ಸಡಿಲಗೊಂಡ ದಾರವನ್ನು ಬೇಗನೆ ಸುತ್ತಿಕೊಳ್ಳದಿದ್ದರೆ ಮೀನು ಕೊಕ್ಕೆಯನ್ನು ಉಗುಳಿ ಹೋಗುತ್ತದೆ. ಹೊಸಬರ ಕೈಯಿಂದ ಮೀನು ತಪ್ಪುವುದು ಬಹುಮಟ್ಟಿಗೆ ಈ ಹಂತದಲ್ಲಿ. ಭಾರವು ತಂತಿಯಲ್ಲೇ ಉಳಿಯುವುದರಿಂದ ಮುಂದಿನ ಸೆಣಸು ಮೀನಿಗೂ ಗಾಳಗಾರನಿಗೂ ನೇರವಾಗಿ ನಡೆಯುತ್ತದೆ.

ಎಣಿಕೆ ಸಾಧನದ ಅಂಕಿಯನ್ನೇ ಆಳವೆಂದು ನಂಬುವುದು ಸಾಮಾನ್ಯವಾದ ತಪ್ಪು. ದೋಣಿ ಚಲಿಸುವಾಗ ನೀರಿನ ಒತ್ತಡಕ್ಕೆ ಗುಂಡು ಹಿಂದಕ್ಕೆ ತೂಗಿ ಮೇಲಕ್ಕೆ ಏಳುತ್ತದೆ. ಆಳ ಹೆಚ್ಚಿದಷ್ಟೂ, ಗುಂಡು ಹಗುರವಾದಷ್ಟೂ ಈ ವ್ಯತ್ಯಾಸ ದೊಡ್ಡದಾಗುತ್ತದೆ. ಶಬ್ದತರಂಗಗಳಿಂದ ಮೀನನ್ನು ತೋರಿಸುವ ಸೋನಾರ್ ಪರದೆಯಲ್ಲಿ ಗುಂಡೂ ಗೆರೆಯಾಗಿ ಕಾಣುವುದರಿಂದ ನಿಜವಾದ ಆಳವನ್ನು ಅದರಲ್ಲಿ ತಾಳೆ ನೋಡಬಹುದು. ಆಮಿಷವನ್ನು ಮೀನಿಗಿಂತ ತುಸು ಮೇಲೆ ಇಡುವುದು ರೂಢಿ. ಸಾಲ್ಮನ್ ಸಾಮಾನ್ಯವಾಗಿ ಮೇಲೆ ನೋಡುತ್ತಾ ಬೇಟೆಯಾಡುತ್ತದೆ. ತನಗಿಂತ ಕೆಳಗೆ ಹಾದುಹೋಗುವ ಆಮಿಷಕ್ಕಾಗಿ ತಲೆ ತಗ್ಗಿಸುವುದು ಕಡಿಮೆ.

ಡೈವರ್ ಮತ್ತು ಭಾರದ ದಾರಗಳು

ಡೌನ್‌ರಿಗ್ಗರ್‌ಗಳು ದೋಣಿಯ ನೇರ ಕೆಳಗಿನ ನೀರನ್ನು ಮಾತ್ರ ಜಾಲಾಡುತ್ತವೆ. ಎಂಜಿನ್ ಶಬ್ದಕ್ಕೂ ದೋಣಿಯ ನೆರಳಿಗೂ ಬೆದರಿದ ಮೀನುಗಳು ಪಕ್ಕಕ್ಕೆ ಸರಿದಿದ್ದರೆ ಬೇರೆ ಉಪಾಯ ಬೇಕು. ಡಿಪ್ಸಿ ಡೈವರ್ ಎಂಬ ಹೆಸರಿನಿಂದ ಪ್ರಸಿದ್ಧವಾದ ತಟ್ಟೆಯಾಕಾರದ ಸಾಧನವು ನೀರಿನ ಒತ್ತಡವನ್ನೇ ಬಳಸಿಕೊಂಡು ಕೆಳಕ್ಕೆ ಧುಮುಕುತ್ತದೆ. ಅದರ ತಳದಲ್ಲಿರುವ ತಿರುಗಿಸಬಲ್ಲ ಭಾರವನ್ನು ಎಡಕ್ಕೋ ಬಲಕ್ಕೋ ಹೊಂದಿಸಿದರೆ ಅದು ಓರೆಯಾಗಿ ಆ ಪಕ್ಕಕ್ಕೆ ಸಾಗುತ್ತದೆ. ಮೀನು ಕಚ್ಚಿದಾಗ ಒಳಗಿನ ಕೊಂಡಿ ಕಳಚಿ ತಟ್ಟೆ ಮಲಗುತ್ತದೆ. ಆಗ ಅದನ್ನು ಎಳೆಯುವುದು ಹಗುರ. ಡೈವರ್‌ನ ಎಳೆತ ಪ್ರಬಲವಾದುದರಿಂದ ಹಿಗ್ಗದ ಹೆಣೆದ ದಾರವನ್ನೂ ಒಂಬತ್ತು ಹತ್ತು ಅಡಿಯ ಗಟ್ಟಿ ಕೋಲನ್ನೂ ಬಳಸುತ್ತಾರೆ.

ಇನ್ನೊಂದು ವಿಧಾನದಲ್ಲಿ ದಾರವೇ ಭಾರವಾಗಿರುತ್ತದೆ. ಸೀಸದ ಎಳೆಯ ಸುತ್ತ ನೈಲಾನ್ ಹೆಣೆದ ದಾರವನ್ನು ಹತ್ತು ಗಜಕ್ಕೊಂದು ಬಣ್ಣದಂತೆ ತಯಾರಿಸುತ್ತಾರೆ. ಹೀಗಾಗಿ ಗಾಳಗಾರರು ‘ಐದು ಬಣ್ಣ’, ‘ಹತ್ತು ಬಣ್ಣ’ ಎಂದೇ ಉದ್ದವನ್ನು ಹೇಳುವುದು ವಾಡಿಕೆ. ಸಾಮಾನ್ಯ ವೇಗದಲ್ಲಿ ಒಂದು ಬಣ್ಣಕ್ಕೆ ಸುಮಾರು ಐದು ಅಡಿ ಆಳ ಸಿಗುತ್ತದೆ. ತಾಮ್ರದ ತಂತಿ ಇನ್ನೂ ಆಳಕ್ಕಿಳಿಯುತ್ತದೆ; ಪ್ರತಿ 100 ಅಡಿಗೆ ಸರಿಸುಮಾರು 20 ಅಡಿ. ಈ ದಾರಗಳ ವಿಶೇಷವೆಂದರೆ ದೋಣಿಯ ವೇಗ ಕುಗ್ಗಿದಾಗ ಅವು ಮುಳುಗುತ್ತವೆ, ಹೆಚ್ಚಿದಾಗ ಏಳುತ್ತವೆ. ಆಮಿಷಕ್ಕೆ ಹೀಗೆ ಸಿಗುವ ಏರಿಳಿತ ಅನೇಕ ವೇಳೆ ಮೀನನ್ನು ಕೆರಳಿಸುತ್ತದೆ. ಆದರೆ ಮುನ್ನೂರು ಅಡಿ ತಾಮ್ರದ ತುದಿಯಲ್ಲಿ ಸಿಕ್ಕ ದೊಡ್ಡ ಚಿನೂಕನ್ನು ದೋಣಿಗೆ ತರುವುದು ತೋಳಿನ ಶಕ್ತಿಯನ್ನೆಲ್ಲ ಬೇಡುವ ಕೆಲಸ.

ವಸಂತಕಾಲದಲ್ಲಿ ಮೀನು ಆಳವಿಲ್ಲದ ನೀರಿನಲ್ಲಿದ್ದಾಗ ದಾರವನ್ನು ದೋಣಿಯಿಂದ ದೂರಕ್ಕೆ, ಪಕ್ಕಕ್ಕೆ ಒಯ್ಯಬೇಕಾಗುತ್ತದೆ. ಇದಕ್ಕೆ ಪ್ಲೇನರ್ ಎಂಬ ತೇಲುವ ಹಲಗೆಗಳಿವೆ. ದೋಣಿ ಮುಂದೆ ಸಾಗಿದಂತೆ ಇವು ಗಾಳಿಪಟದ ರೀತಿಯಲ್ಲಿ ಹೊರಮುಖವಾಗಿ ಸರಿಯುತ್ತವೆ. ಎರಡೂ ಕಡೆ ಹಲಗೆ ಬಿಟ್ಟ ದೋಣಿಯೊಂದು ಹತ್ತಾರು ಮೀಟರ್ ಅಗಲದ ನೀರನ್ನು ಒಮ್ಮೆಗೇ ಶೋಧಿಸಬಲ್ಲದು. ಒಬ್ಬ ಗಾಳಗಾರ ಎಷ್ಟು ದಾರ ಬಿಡಬಹುದೆಂಬುದನ್ನು ಆಯಾ ರಾಜ್ಯ ನಿಗದಿಪಡಿಸುತ್ತದೆ. ಮಿಷಿಗನ್ ರಾಜ್ಯದಲ್ಲಿ ಈ ಮಿತಿ ಮೂರು. ನಾಲ್ವರಿರುವ ದೋಣಿಯ ಹಿಂದೆ ಹನ್ನೆರಡು ದಾರಗಳು ತೊಡಕಿಕೊಳ್ಳದಂತೆ ನೋಡಿಕೊಳ್ಳುವುದೇ ಒಂದು ವಿದ್ಯೆ.

ಆಮಿಷಗಳು

ಅತಿ ಹೆಚ್ಚು ಬಳಕೆಯಲ್ಲಿರುವುದು ‘ಸ್ಪೂನ್’. ಚಮಚದ ಬಟ್ಟಲಿನಂತೆ ಬಾಗಿದ ತೆಳು ಲೋಹದ ತುಂಡಿಗೆ ಮೂರು ಮುಳ್ಳಿನ ಕೊಕ್ಕೆಯನ್ನು ತೂಗಿಸಿರುತ್ತಾರೆ. ನೀರಿನಲ್ಲಿ ಎಳೆದಾಗ ಅದು ಓಲಾಡಿ, ಗಾಯಗೊಂಡ ಏಲ್‌ವೈಫ್‌ನಂತೆ ಹೊಳೆಯುತ್ತದೆ. ಇದರ ಜೊತೆಗೆ ಮೀನಿನಾಕಾರದ ಪ್ಲಗ್‌ಗಳೂ ಇವೆ.

ಫ್ಲಾಷರ್ ಮತ್ತು ಡಾಡ್ಜರ್‌ಗಳಿಗೆ ಕೊಕ್ಕೆ ಇರುವುದಿಲ್ಲ. ದೂರದ ಮೀನಿನ ಗಮನ ಸೆಳೆಯುವುದಷ್ಟೇ ಇವುಗಳ ಕೆಲಸ. ಫ್ಲಾಷರ್ ಪೂರ್ತಿ ಸುತ್ತು ತಿರುಗುತ್ತದೆ, ಡಾಡ್ಜರ್ ಅಕ್ಕಪಕ್ಕಕ್ಕೆ ತೂಗುತ್ತದೆ. ಅವುಗಳ ಹಿಂದೆ ಸಣ್ಣ ದಾರದಲ್ಲಿ ಮಿರುಗುವ ಎಳೆಗಳ ಕೃತಕ ನೊಣವನ್ನೋ, ಹೆರಿಂಗ್ ಮೀನಿನ ಸೀಳನ್ನೋ ಕಟ್ಟಲಾಗುತ್ತದೆ. ಎರಡನೆಯದು ಒಂಟಾರಿಯೊ ಸರೋವರದಲ್ಲಿ ಬಹಳ ಜನಪ್ರಿಯ. ನಡುವಿನ ದಾರ ಗಿಡ್ಡವಾದಷ್ಟೂ ಆಮಿಷ ಹೆಚ್ಚು ಜಿಗಿಯುತ್ತದೆ. ಮೀನು ಹಿಂಬಾಲಿಸಿಯೂ ಕಚ್ಚದಿದ್ದರೆ ಈ ಉದ್ದವನ್ನು ಬದಲಿಸಿ ನೋಡುವುದು ವಾಡಿಕೆ. ತಳದಲ್ಲಿರುವ ಲೇಕ್ ಟ್ರೌಟಿಗೆ ಡಾಡ್ಜರ್ ಹಿಂದೆ ಗಿರಗಿರನೆ ತಿರುಗುವ ಬಣ್ಣದ ಬೆಂಡನ್ನು ಕಟ್ಟಿ, ಗುಂಡು ಆಗಾಗ ನೆಲಕ್ಕೆ ತಾಗಿ ಕೆಸರೆಬ್ಬಿಸುವಂತೆ ನಿಧಾನವಾಗಿ ಎಳೆಯುತ್ತಾರೆ.

ಬಣ್ಣದ ವಿಷಯದಲ್ಲಿ ಗಾಳಗಾರರ ನಂಬಿಕೆಗಳಿಗೆ ಕೊನೆಯಿಲ್ಲ, ಅಂಗಡಿಗಳು ಅದರ ಪೂರ್ಣ ಲಾಭ ಪಡೆಯುತ್ತವೆ. ಭೌತಿಕವಾಗಿ ಖಚಿತವಾದ ಅಂಶವೆಂದರೆ ನೀರು ಮೊದಲು ಕೆಂಪು ಬೆಳಕನ್ನು ಹೀರುತ್ತದೆ, ಹಸಿರು ಮತ್ತು ನೀಲಿ ಆಳಕ್ಕೆ ತಲುಪುತ್ತವೆ. ಆಳದಲ್ಲಿ ಕೆಂಪು ಆಮಿಷ ಕಪ್ಪಾಗಿ ಕಾಣುತ್ತದೆ. ಆದುದರಿಂದ ಕೆಂಪು, ಕಿತ್ತಳೆ ಬಣ್ಣಗಳು ಮೇಲ್ನೀರಿನ ಕೊಹೊ ಮತ್ತು ಸ್ಟೀಲ್‌ಹೆಡ್‌ಗಳಿಗೆ, ಹಸಿರು ನೀಲಿಗಳು ಆಳದ ಚಿನೂಕ್‌ಗೆ ಒಪ್ಪುತ್ತವೆ. ನಸುಕಿನಲ್ಲಿ ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದ ಸ್ಪೂನ್‌ಗಳನ್ನು ಬಿಡುತ್ತಾರೆ. ಸರಿಯಾದ ಬಣ್ಣ ತಪ್ಪಾದ ಆಳದಲ್ಲಿದ್ದರೆ ಪ್ರಯೋಜನವಿಲ್ಲ. ತಪ್ಪಾದ ಬಣ್ಣ ಸರಿಯಾದ ಆಳದಲ್ಲಿದ್ದರೆ ಮೀನು ಒಮ್ಮೊಮ್ಮೆ ಸಿಕ್ಕೇ ಸಿಗುತ್ತದೆ.

ವೇಗ

ಟ್ರೋಲಿಂಗ್ ವೇಗವು ಸಾಮಾನ್ಯವಾಗಿ ಗಂಟೆಗೆ 3ರಿಂದ 4.5 ಕಿಲೋಮೀಟರ್. ಲೇಕ್ ಟ್ರೌಟಿಗೆ ಇನ್ನೂ ಕಡಿಮೆ ಸಾಕು. ಆದರೆ ಉಪಗ್ರಹ ಆಧಾರಿತ ಜಿಪಿಎಸ್ ತೋರಿಸುವುದು ನೆಲಕ್ಕೆ ಹೋಲಿಸಿದ ವೇಗವನ್ನು. ಆಳದಲ್ಲಿ ಒಳಹರಿವು ಇದ್ದರೆ ಆಮಿಷಕ್ಕೆ ತಾಗುವ ನೀರಿನ ವೇಗವೇ ಬೇರೆ. ಉತ್ತರಕ್ಕೆ ಸಾಗುವಾಗ ಸಾಲಾಗಿ ಕಚ್ಚಿದ ಮೀನು, ತಿರುಗಿ ದಕ್ಷಿಣಕ್ಕೆ ಬರುವಾಗ ಅದೇ ಜಾಗದಲ್ಲಿ ಅದೇ ವೇಗಕ್ಕೆ ಕಚ್ಚದಿರಲು ಇದು ಕಾರಣ. ಇದಕ್ಕಾಗಿ ಗುಂಡಿನ ಬಳಿ ಅಳವಡಿಸಿ, ಆ ಆಳದ ವೇಗ ಮತ್ತು ತಾಪಮಾನ ಎರಡನ್ನೂ ಮೇಲಕ್ಕೆ ತಿಳಿಸುವ ಸಂವೇದಕಗಳು ಬಂದಿವೆ. ಅಷ್ಟು ಖರ್ಚು ಮಾಡಲಾಗದವರು ತಂತಿಯ ಓರೆಯನ್ನು ನೋಡಿ ಅಂದಾಜು ಮಾಡುತ್ತಾರೆ.

ದೋಣಿ ತಿರುಗುವಾಗ ಒಳಬದಿಯ ಆಮಿಷಗಳು ನಿಧಾನವಾಗಿ ಕೆಳಗಿಳಿಯುತ್ತವೆ, ಹೊರಬದಿಯವು ವೇಗ ಪಡೆದು ಮೇಲೇಳುತ್ತವೆ. ಯಾವ ಬದಿಯ ಕೋಲು ಬಾಗಿತು ಎಂಬುದನ್ನು ಗಮನಿಸಿದರೆ ಆ ದಿನ ಮೀನಿಗೆ ಯಾವ ವೇಗ ಬೇಕಿದೆ ಎಂಬುದರ ಸುಳಿವು ಖರ್ಚಿಲ್ಲದೆ ಸಿಗುತ್ತದೆ.

ಋತುಮಾನ

ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಮಿಷಿಗನ್ ಸರೋವರದ ದಕ್ಷಿಣದ ತುದಿ, ಅಂದರೆ ಇಂಡಿಯಾನ ಮತ್ತು ಇಲಿನಾಯ್ ರಾಜ್ಯಗಳ ದಡ, ಎಲ್ಲಕ್ಕಿಂತ ಮೊದಲು ಬೆಚ್ಚಗಾಗುತ್ತದೆ. ಕೊಹೊ ಮತ್ತು ಬ್ರೌನ್ ಟ್ರೌಟ್‌ಗಳು ಅಲ್ಲಿಯ ಆಳವಿಲ್ಲದ ನೀರಿಗೆ, ನದೀಮುಖಗಳಿಗೆ ಗುಂಪುಗೂಡುತ್ತವೆ. ಆಗ ಚಿಕ್ಕ ದೋಣಿಯಿಂದಲೂ ದಡದಿಂದಲೂ ಅವನ್ನು ಹಿಡಿಯಬಹುದು. ಬೇಸಿಗೆ ಏರಿದಂತೆ ಮೀನುಗಳು ಉತ್ತರಕ್ಕೂ ಆಳಕ್ಕೂ ಸರಿಯುತ್ತವೆ. ಜುಲೈನಲ್ಲಿ ಡೌನ್‌ರಿಗ್ಗರ್ ಇಲ್ಲದವರಿಗೆ ಹೆಚ್ಚಿನ ಅವಕಾಶವಿಲ್ಲ.

ಆಗಸ್ಟ್ ಕೊನೆಯಿಂದ ಪ್ರೌಢ ಚಿನೂಕ್‌ಗಳು ನದೀಮುಖಗಳ ಹೊರಗೆ ಜಮಾಯಿಸುತ್ತವೆ. ಮೊಟ್ಟೆಯಿಡುವ ಕಾಲ ಸಮೀಪಿಸಿದಂತೆ ಅವು ಮೇವನ್ನು ಬಿಡುತ್ತವೆ. ಹಸಿವಿಗಿಂತ ಸಿಡುಕಿನಿಂದ ಕಚ್ಚುತ್ತವೆ ಎಂಬುದು ಗಾಳಗಾರರ ಅಭಿಪ್ರಾಯ. ಬಂದರಿನ ಕಲ್ಲುಕಟ್ಟೆಯ ಮೇಲೆ ರಾತ್ರಿಯೆಲ್ಲ ನಿಂತು ಹೊಳೆಯುವ ಸ್ಪೂನ್‌ಗಳನ್ನು ಬೀಸಿ ಎಸೆಯುವವರನ್ನು ಈ ಕಾಲದಲ್ಲಿ ಕಾಣಬಹುದು. ಹೊಳಪು ಕಳೆದುಕೊಂಡು ಕಪ್ಪಿಟ್ಟ ಮೀನಿನ ಮಾಂಸ ಆಗ ಅಷ್ಟು ರುಚಿಯಾಗಿರುವುದಿಲ್ಲ.

ಹಿಡಿದು ಬಿಡುವುದು

ಬೇಸಿಗೆಯಲ್ಲಿ ತಣ್ಣನೆಯ ಆಳದಿಂದ 20 ಡಿಗ್ರಿಗೂ ಹೆಚ್ಚಿನ ಮೇಲ್ನೀರಿಗೆ ಎಳೆದು ತಂದ ಮೀನು ಬಹಳ ಬಳಲಿರುತ್ತದೆ. ಬಿಡುವ ಉದ್ದೇಶವಿದ್ದರೆ ಅದನ್ನು ಬೇಗನೆ ತಂದು, ನೀರಿನಲ್ಲಿಟ್ಟುಕೊಂಡೇ ಕೊಕ್ಕೆ ತೆಗೆದು, ತಲೆ ಕೆಳಗಾಗಿ ರಭಸದಿಂದ ನೀರಿಗೆ ಬಿಡಬೇಕು. ಆಗ ಅದು ಬೆಚ್ಚನೆಯ ಪದರವನ್ನು ದಾಟಿ ಆಳ ಸೇರಬಲ್ಲದು. ಲೇಕ್ ಟ್ರೌಟ್ ತನ್ನ ಗಾಳಿಚೀಲದ ಹೆಚ್ಚುವರಿ ಗಾಳಿಯನ್ನು ಬಾಯಿಯ ಮೂಲಕ ಹೊರಬಿಡಬಲ್ಲದು. ಹೊಟ್ಟೆ ಉಬ್ಬಿದಂತೆ ಕಂಡರೂ ಅದನ್ನು ಸೂಜಿಯಿಂದ ಚುಚ್ಚುವ ಅಗತ್ಯವಿಲ್ಲ. ಹಾಗಿದ್ದರೂ ಬಿಟ್ಟ ಮೀನುಗಳಲ್ಲಿ ಕೆಲವು ಸಾಯುತ್ತವೆ. ಮಿತಿ ಮುಗಿದ ಮೇಲೂ ಬೇಸಿಗೆಯ ಮಧ್ಯಾಹ್ನದಲ್ಲಿ ಹಿಡಿದು ಬಿಡುವ ಆಟ ಮುಂದುವರಿಸುವುದು ಆದ್ದರಿಂದ ಉಚಿತವಲ್ಲ.

ಅಪಾಯಗಳು

ಕೊಹೊ ಜ್ವರದ ಮೊದಲ ವರ್ಷವೇ ಇದರ ಬೆಲೆಯನ್ನೂ ತೋರಿಸಿತು. 1967ರ ಸೆಪ್ಟೆಂಬರ್ 23ರಂದು ಪ್ಲಾಟ್ ಕೊಲ್ಲಿಯ ಸುತ್ತಮುತ್ತ ನೂರಾರು ಸಣ್ಣ ದೋಣಿಗಳು ನೀರಿಗಿಳಿದಿದ್ದವು. ಸಣ್ಣ ದೋಣಿಗಳಿಗೆ ಎಚ್ಚರಿಕೆ ನೀಡಲಾಗಿದ್ದರೂ ಅನೇಕರು ಅದನ್ನು ಲೆಕ್ಕಿಸಲಿಲ್ಲ. ಬಿರುಗಾಳಿ ಎದ್ದು, ಒಳನಾಡಿನ ಪುಟ್ಟ ಕೆರೆಗಳಿಗೆ ತಕ್ಕಂಥ ದೋಣಿಗಳು ದಡದ ಅಲೆಗಳಲ್ಲಿ ಮಗುಚಿದವು. ಏಳು ಜನ ಮೃತಪಟ್ಟರು.

ಮಹಾ ಸರೋವರಗಳ ಅಲೆಗಳು ಸಾಗರದ ಅಲೆಗಳಂತೆ ದೀರ್ಘವಾಗಿರದೆ, ಒಂದರ ಬೆನ್ನಿಗೆ ಒಂದು ಕಡಿದಾಗಿ ಬರುತ್ತವೆ. ವಸಂತದಲ್ಲಿ ಗಾಳಿ ಬೆಚ್ಚಗಿದ್ದರೂ ನೀರು 4–5 ಡಿಗ್ರಿ ಇರುತ್ತದೆ. ಬಿದ್ದವನ ಕೈಕಾಲು ಕೆಲವೇ ನಿಮಿಷಗಳಲ್ಲಿ ಮರಗಟ್ಟುತ್ತವೆ. ಜೀವರಕ್ಷಕ ಅಂಗಿಯನ್ನು ದೋಣಿಯಲ್ಲಿ ಇಟ್ಟುಕೊಳ್ಳುವುದಲ್ಲ, ತೊಟ್ಟುಕೊಳ್ಳುವುದೇ ಆಗ ಪ್ರಯೋಜನಕಾರಿ. ತೀರದಿಂದ ದೂರದಲ್ಲಿ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲ. ನೌಕಾ ರೇಡಿಯೋ ಬೇಕು. ಮಂಜು ಮುಸುಕಿದಾಗ ಸರಕು ಹಡಗುಗಳ ದಾರಿಯಲ್ಲಿ ಹತ್ತಾರು ದಾರ ಬಿಟ್ಟುಕೊಂಡು ನಿಧಾನವಾಗಿ ಸಾಗುವ ದೋಣಿ ಬೇಗನೆ ಪಕ್ಕಕ್ಕೆ ಸರಿಯಲಾರದು, ಹಡಗೂ ತಕ್ಷಣ ನಿಲ್ಲಲಾರದು. ಕಲ್ಲುಕಟ್ಟೆಗಳ ಮೇಲೆ ನಿಂತವರನ್ನು ಅಲೆ ಕೊಚ್ಚಿಕೊಂಡು ಹೋದ ಪ್ರಸಂಗಗಳೂ ಇವೆ.

ಮೀನು ಮತ್ತು ಮೇವಿನ ಸಮತೋಲ

ಸಲಕರಣೆ ಎಷ್ಟೇ ಸುಧಾರಿಸಿದರೂ ಮೀನಿನ ಸಂಖ್ಯೆ ಏಲ್‌ವೈಫ್ ಸಂಖ್ಯೆಯನ್ನು ಅವಲಂಬಿಸಿದೆ. ಪಿಡುಗೆಂದು ತೊಲಗಿಸಲು ಹೊರಟ ಮೀನನ್ನೇ ಈಗ ಉಳಿಸಿಕೊಳ್ಳಬೇಕಾಗಿದೆ. 1980ರ ದಶಕದ ಕೊನೆಯಲ್ಲಿ ಮಿಷಿಗನ್ ಸರೋವರದ ಚಿನೂಕ್‌ಗಳು ಮೂತ್ರಪಿಂಡದ ಬ್ಯಾಕ್ಟೀರಿಯಾ ರೋಗದಿಂದ ದೊಡ್ಡ ಪ್ರಮಾಣದಲ್ಲಿ ಸತ್ತವು. ಅದೇ ಕಾಲಕ್ಕೆ ಹಡಗುಗಳ ನಿಲುಭಾರದ ನೀರಿನೊಡನೆ ಬಂದ ಜೀಬ್ರಾ ಮತ್ತು ಕ್ವಾಗಾ ಎಂಬ ಚಿಪ್ಪುಜೀವಿಗಳು ಸರೋವರಗಳಲ್ಲಿ ನೆಲೆಯೂರಿದವು. ಇವು ನೀರಿನಲ್ಲಿರುವ ಸೂಕ್ಷ್ಮ ಸಸ್ಯಗಳನ್ನು ಸೋಸಿ ತಿಂದುಬಿಡುವುದರಿಂದ ನೀರು ತಿಳಿಯಾಗುತ್ತದೆ, ಆದರೆ ಏಲ್‌ವೈಫ್‌ಗೆ ಆಧಾರವಾದ ಆಹಾರ ಸರಪಳಿ ತಳದಲ್ಲೇ ಕಡಿಯುತ್ತದೆ.

2003–04ರಲ್ಲಿ ಹ್ಯೂರನ್ ಸರೋವರದ ಏಲ್‌ವೈಫ್ ಸಂಖ್ಯೆ ಕುಸಿಯಿತು. ಅದರ ಹಿಂದೆಯೇ ಚಿನೂಕ್ ಮೀನುಗಾರಿಕೆಯೂ ಕುಸಿಯಿತು. ಮೀನಿಗಾಗಿ ಬರುತ್ತಿದ್ದವರನ್ನು ನಂಬಿದ್ದ ದಡದ ಪಟ್ಟಣಗಳ ಬಾಡಿಗೆ ದೋಣಿ, ವಸತಿಗೃಹ, ಅಂಗಡಿಗಳ ವ್ಯಾಪಾರ ಇಳಿಯಿತು. ಹ್ಯೂರನ್‌ನಲ್ಲಿ ಬಿಟ್ಟ ಚಿನೂಕ್‌ಗಳು ಮೇವನ್ನರಸಿ ಮಿಷಿಗನ್ ಸರೋವರಕ್ಕೆ ವಲಸೆ ಹೋಗಿ ಅಲ್ಲಿ ಸಿಗತೊಡಗಿದವು. ಇದಕ್ಕೆ ಇನ್ನೊಂದು ಮುಖವೂ ಇದೆ. ಏಲ್‌ವೈಫ್ ಮೈಯಲ್ಲಿರುವ ಥಯಮಿನೇಸ್ ಎಂಬ ಕಿಣ್ವವು ಬಿ1 ಜೀವಸತ್ವವನ್ನು ನಾಶಪಡಿಸುವುದರಿಂದ, ಅದನ್ನೇ ತಿಂದ ಲೇಕ್ ಟ್ರೌಟ್‌ನ ಮರಿಗಳು ಉಳಿಯುತ್ತಿರಲಿಲ್ಲ. ಏಲ್‌ವೈಫ್ ಇಲ್ಲವಾದ ಮೇಲೆ ಹ್ಯೂರನ್‌ನಲ್ಲಿ ಲೇಕ್ ಟ್ರೌಟ್ ಮತ್ತೆ ಸ್ವಾಭಾವಿಕವಾಗಿ ವಂಶ ಬೆಳೆಸತೊಡಗಿತು. ಚಿನೂಕ್ ಹಿಡಿಯಲು ಬಂದವರಿಗೆ ಇದು ನಷ್ಟವಾಗಿಯೂ, ಮೂಲನಿವಾಸಿ ಮೀನನ್ನು ಮರಳಿ ತರಲು ದುಡಿದವರಿಗೆ ಗೆಲುವಾಗಿಯೂ ಕಂಡಿತು.

ಹ್ಯೂರನ್‌ನ ಗತಿ ಮಿಷಿಗನ್ ಸರೋವರಕ್ಕೂ ಬರಬಾರದೆಂದು 2013ರಲ್ಲಿ ಅಲ್ಲಿ ಬಿಡುವ ಚಿನೂಕ್ ಮರಿಗಳ ಸಂಖ್ಯೆಯನ್ನು ಸುಮಾರು ಅರ್ಧಕ್ಕೆ ಇಳಿಸಲಾಯಿತು. ಈ ನಿರ್ಧಾರವನ್ನು ಎಲ್ಲ ಗಾಳಗಾರರೂ ಒಪ್ಪಲಿಲ್ಲ. ಮಿಷಿಗನ್ ಸರೋವರದ ಚಿನೂಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ತೊರೆಗಳಲ್ಲಿ ತಾವಾಗಿ ಹುಟ್ಟಿದವು ಎಂಬುದು ಗುರುತು ಹಾಕಿದ ಮೀನುಗಳ ಅಧ್ಯಯನದಿಂದ ತಿಳಿದುಬಂದಿದೆ. ಬಿಡುವ ಮರಿಗಳ ಬೆನ್ನಿನ ಚಿಕ್ಕ ರೆಕ್ಕೆಯನ್ನು ಕತ್ತರಿಸಿ, ಮೂತಿಯೊಳಗೆ ಸಂಕೇತವಿರುವ ತಂತಿಯ ಅತಿ ಸಣ್ಣ ಚೂರನ್ನು ಸೇರಿಸಿರುತ್ತಾರೆ. ಈ ರೆಕ್ಕೆ ಇಲ್ಲದ ಮೀನು ಸಿಕ್ಕರೆ ಅದರ ತಲೆಯನ್ನು ಸಂಗ್ರಹ ಕೇಂದ್ರಕ್ಕೆ ಒಪ್ಪಿಸುವಂತೆ ಗಾಳಗಾರರನ್ನು ಕೋರಲಾಗುತ್ತದೆ.

ಆಹಾರವಾಗಿ ಬಳಕೆ

ಸರೋವರದ ಮಾಲಿನ್ಯ ದೊಡ್ಡ ಬೇಟೆಗಾರ ಮೀನುಗಳ ಕೊಬ್ಬಿನಲ್ಲಿ ಶೇಖರವಾಗುತ್ತದೆ. 1969ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಡಿಡಿಟಿ ಅಂಶ ಹೆಚ್ಚಾಗಿದ್ದ ಮಿಷಿಗನ್ ಸರೋವರದ ಕೊಹೊ ಮೀನುಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷ ಮಿಷಿಗನ್ ರಾಜ್ಯ ಆ ಕೀಟನಾಶಕದ ಮಾರಾಟವನ್ನು ನಿಷೇಧಿಸಿತು. ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕಗಳ ತಯಾರಿಕೆಯನ್ನು 1979ರಲ್ಲಿ ಅಮೆರಿಕದಲ್ಲಿ ನಿಷೇಧಿಸಿದ ಮೇಲೆ ಮೀನುಗಳಲ್ಲಿ ಅವುಗಳ ಪ್ರಮಾಣ ಬಹಳ ಇಳಿದಿದೆಯಾದರೂ ಇಲ್ಲವಾಗಿಲ್ಲ. ಯಾವ ಸರೋವರದ ಯಾವ ಮೀನನ್ನು, ಎಷ್ಟು ಗಾತ್ರದ್ದನ್ನು, ತಿಂಗಳಿಗೆ ಎಷ್ಟು ಬಾರಿ ತಿನ್ನಬಹುದೆಂಬ ಸಲಹಾಪಟ್ಟಿಯನ್ನು ದಡದ ರಾಜ್ಯಗಳೂ ಕೆನಡಾದ ಒಂಟಾರಿಯೊ ಪ್ರಾಂತ್ಯವೂ ಪ್ರಕಟಿಸುತ್ತವೆ. ಗರ್ಭಿಣಿಯರಿಗೆ ಮತ್ತು ಮಕ್ಕಳಿಗೆ ಮಿತಿ ಬಿಗಿಯಾಗಿರುತ್ತದೆ. ದೀರ್ಘಕಾಲ ಬದುಕುವ, ಕೊಬ್ಬು ಹೆಚ್ಚಿರುವ ದೊಡ್ಡ ಲೇಕ್ ಟ್ರೌಟ್‌ನಲ್ಲಿ ಈ ವಸ್ತುಗಳು ಹೆಚ್ಚು. ಎಳೆಯ ಕೊಹೊದಲ್ಲಿ ಕಡಿಮೆ. ಚರ್ಮವನ್ನೂ, ಬೆನ್ನು ಹೊಟ್ಟೆಗಳ ಅಂಚಿನ ಕೊಬ್ಬನ್ನೂ ತೆಗೆದು, ಉಳಿದ ಕೊಬ್ಬು ತೊಟ್ಟಿಕ್ಕಿ ಹೋಗುವಂತೆ ಜಾಲರಿಯ ಮೇಲೆ ಸುಟ್ಟರೆ ಪಿಸಿಬಿ ಪ್ರಮಾಣ ಕಡಿಮೆಯಾಗುತ್ತದೆ. ಪಾದರಸ ಮಾಂಸದಲ್ಲೇ ಸೇರಿರುವುದರಿಂದ ಅದಕ್ಕೆ ಈ ಕ್ರಮ ಉಪಯೋಗವಿಲ್ಲ.